ಇಪ್ಪತ್ತೈದು ಕೋಟಿಯ ಓಲೆ

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಲಾಟರಿ ಎಂಬ ಮಾತನ್ನು ಆಡಿಲ್ಲ. ಆಡಲು ನಾನು ಬಿಟ್ಟಿಲ್ಲ. ಮಗಳು ಬೃಂದಾ ಚಿಕ್ಕವಳಿದ್ದಾಗ, ಶಾಲೆಯಲ್ಲಿ ಬಹುಮಾನ ಬಂತೆಂದು "ಲಾಟ್ರಿ ಹೊಡೀತಮ್ಮಾ" ಎಂದು ಕುಣಿದದ್ದಕ್ಕೆ ಸೌಟಿನಲ್ಲಿ ಬಾರಿಸಿದ್ದೆ. ಅಂಥ ನಾನು ಹೋದ ತಿಂಗಳು ಎದುರುಮನೆ ಮಾರಿಯಾಳ ಬಾಗಿಲಲ್ಲಿ ನಿಂತು ಲಾಟರಿ ಟಿಕೆಟ್ ಬೇಡಿದೆ.

ನನ್ನ ಗಂಡ ಮುನಿಕೃಷ್ಣಪ್ಪನಿಗೆ ಲಕ್ವ ಹೊಡೆದು ಐದೂವರೆ ತಿಂಗಳಾಗಿತ್ತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಕಾಲೆಳೆದುಕೊಂಡು ನಡೆಯುತ್ತಾರೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಬಾಯಿಂದ ಮಾತ್ರ ಒಂದಕ್ಷರವಿಲ್ಲ. ಶಿವಾಜಿನಗರದ ಬಂಗಾರದಂಗಡಿಗಳಿಗೆ ಮೂವತ್ತು ವರ್ಷ ಒಡವೆ ಪಾಲಿಶ್ ಮಾಡಿಕೊಟ್ಟ ಮನುಷ್ಯ. ಮಾತಿಗೆ ಕೂತರೆ ಮರ್ಫಿ ಟೌನಿನ ಅರ್ಧ ಬೀದಿ ಕೆಲಸ ಬಿಟ್ಟು ಕೇಳುತ್ತಿತ್ತು. ಈಗ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಾರೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ವೈಷ್ಣವಿ ಮೇಡಂ ದಾವಣಗೆರೆ ಕಡೆಯ ಹುಡುಗಿ, ಒಳ್ಳೆಯವಳು. "ಮೊದಲ ಆರು ತಿಂಗಳು ಬಹಳ ಮುಖ್ಯ ಅಮ್ಮಾ. ಅಷ್ಟರೊಳಗೆ ಎರಡು ಮಾತು ಸೇರಿಸಿ ಆಡಿಬಿಟ್ರೆ ಮುಂದೆ ದಾರಿ ಐತೆ. ಇಲ್ಲಾಂದ್ರೆ ಕಷ್ಟ ಆಗುತ್ತೆ" ಎಂದಳು. "ಅವರಿಗೆ ಪ್ರಾಣದಷ್ಟು ಇಷ್ಟ ಇರೋದು ಏನು? ಅದನ್ನೇ ಕೇಳಿ. ಬೇಕಾದ್ರೆ ಕೆಣಕಿ, ಸಿಟ್ಟು ಬರ್ಸಿ."

"ಮುದ್ದೆ, ಸೊಪ್ಪಿನ ಸಾರು" ಎಂದೆ. ಸುಳ್ಳು. ನಿಜ ಹೇಳಲು ನಾಚಿಕೆಯಾಯಿತು.

ನಿಜವೆಂದರೆ ಲಾಟರಿ. ಒಂದಂಕಿ ಲಾಟರಿ ಬೀದಿಬೀದಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಮಹಾರಾಯರು ಹಲಸೂರು ಬಜಾರಿನ ಲಾಟರಿ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಊಟಕ್ಕೆ ಕೂತರೆ ಬರದ ದುಡ್ಡಿನ ಹಂಚಿಕೆ ಶುರು. ಇಂದಿರಾನಗರದಲ್ಲಿ ಮನೆ, ತನ್ನದೇ ಒಂದು ಅಂಗಡಿ, ಅಂಗಡಿಗೆ ಏಸಿ. ನಾನು ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೂ "ಏ ಪೆದ್ದಿ, ಸರಿಯಾಗಿ ಹೇಳೇ!" ಎಂದು ತಟ್ಟೆ ಕುಟ್ಟುತ್ತಿದ್ದರು. ಕೊನೆಗೆ ನನ್ನ ತವರಿನ ಕೆಂಪುಕಲ್ಲಿನ ಓಲೆಯನ್ನೂ ಗಿರವಿ ಇಟ್ಟು ಆಡಿದರು. ಅದು ಬಿಡಿಸಿಕೊಳ್ಳದೆ ಮುಳುಗಿತು. ಊರಿಗೆಲ್ಲ ಬಸ್ಸಿನಲ್ಲಿ ಕಳೆದುಹೋಯಿತೆಂದು ಹೇಳಿದೆ. ಗಂಡನ ಹತ್ತಿರ ಆ ಓಲೆಯ ಸುದ್ದಿಯನ್ನು ಆಮೇಲೆ ಒಂದು ಸಲವೂ ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಬೇರೆ ಓಲೆ ಕೊಳ್ಳುವ ಹೊತ್ತಿಗೆಲ್ಲ ಬೇರೇನೋ ಖರ್ಚು ಬರುತ್ತಿತ್ತು. ಬಂಗಾರದ ಬಣ್ಣದ ಗಿಲೀಟು ನನ್ನ ಮೈಗೆ ಆಗದು. ತೂತು ಮುಚ್ಚದಿರಲೆಂದು ಕಿವಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡು ಇಷ್ಟು ವರ್ಷ ಕಳೆದೆ.

ದೇವರ ಹೆಸರು ಹೇಳಿಸಿ ನೋಡಿದೆ. ಮಗಳ ಹೆಸರು, ಅಂಗಡಿಗಳ ಹೆಸರು, ಸತ್ತ ಅತ್ತೆಯ ಹೆಸರು, ಎಲ್ಲ ಆಯಿತು. ಕೈ ಮುಗಿದೆ, ಬೈದೆ, ಅತ್ತುಬಿಟ್ಟೆ. ಏನೂ ಇಲ್ಲ. ಆರು ತಿಂಗಳಿಗೆ ಇನ್ನು ಹನ್ನೆರಡೇ ದಿನ ಉಳಿದಾಗ ನನ್ನ ಹಟವೂ ಮುಗಿಯಿತು. ಮಾರಿಯಾಳ ಅಣ್ಣ ಪಾಲಕ್ಕಾಡಿನಲ್ಲಿದ್ದಾನೆ, ವರ್ಷಕ್ಕೊಂದು ಕೇರಳದ ಓಣಂ ಬಂಪರ್ ಲಾಟರಿ ಟಿಕೆಟ್ ತಂದುಕೊಡುತ್ತಾನೆ.

"ಇದು ಹೋದ ವರ್ಷದ್ದು ಅಕ್ಕಾ, ಬಿದ್ದಿಲ್ಲ. ಏನ್ಮಾಡ್ತೀಯ ಇದನ್ನ?" ಎಂದು ಮಾರಿಯಾ ಬೈಬಲ್ ಒಳಗಿಂದ ತೆಗೆದುಕೊಟ್ಟಳು.

"ಔಷಧಿ" ಎಂದೆ.

ಟಿಕೆಟನ್ನು ಗಂಡನ ಎಡಗೈಯಲ್ಲಿ ಇಟ್ಟೆ. "ರೀ, ನಮಗೆ ಬಂಪರ್ ಬಂದ್ಬಿಟ್ಟಿದೆ. ಇಪ್ಪತ್ತೈದು ಕೋಟಿ. ನಿಮ್ಮ ಹೆಸ್ರಲ್ಲೇ ತಗೊಂಡಿದ್ದೆ."

ಅವರ ಕಣ್ಣು ಗೋಡೆಯಿಂದ ಕೆಳಗಿಳಿಯಿತು. ಟಿಕೆಟನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ಆಮೇಲೆ ನನ್ನ ಮುಖ ನೋಡಿದರು. ಐದೂವರೆ ತಿಂಗಳಲ್ಲಿ ಅವರು ನನ್ನ ಮುಖವನ್ನು ಹಾಗೆ ನೋಡಿದ್ದು ಅದೇ ಮೊದಲು. ಇನ್ನು ಹಿಂದೆ ಹೋಗುವಂತಿರಲಿಲ್ಲ.

ಸಿಟ್ಟು ಬರಿಸಲೆಂದು ಬೇಕಂತಲೇ ತಪ್ಪು ತಪ್ಪಾಗಿ ಹಂಚತೊಡಗಿದೆ. "ಹತ್ತು ಕೋಟಿ ನಿಮ್ಮ ತಮ್ಮ ಭೀಮೇಶಂಗೆ ಕೊಟ್ಬಿಡೋಣ." ಭೀಮೇಶನ ಮುಖ ಕಂಡರೆ ಇವರಿಗೆ ಆಗದು. ಇವರ ಹುಬ್ಬು ಗಂಟಾಯಿತು, ಬಾಯಿ ಬಿಡಲಿಲ್ಲ.

"ಹತ್ತು ಕೋಟೀಲಿ ನನಗೆ ಸೀರೆ. ಉಳಿದ ಎರಡು ಕೋಟೀನ..."

ಎರಡಲ್ಲ, ಐದು. ಎಡಗೈ ಕುರ್ಚಿಯ ತೋಳನ್ನು ಕುಟ್ಟಿತು. ಗಂಟಲಲ್ಲಿ ಏನೋ ಗುರುಗುಟ್ಟಿತು.

"ಎಷ್ಟು? ಬಾಯಲ್ಲಿ ಹೇಳ್ರೀ!"

ಬರಲಿಲ್ಲ. ಮತ್ತೆ ಹಂಚಿದೆ, ಮತ್ತೆ ತಪ್ಪಿದೆ. ಮಧ್ಯಾಹ್ನದಿಂದ ಸಂಜೆಯವರೆಗೂ ಕೋಟಿ ಕೋಟಿ ಎಂದು ಕೂಗಿ ನನ್ನ ಗಂಟಲೇ ಕಟ್ಟಿತು. ಕೊನೆಗೆ ತಡೆಯಲಾಗಲಿಲ್ಲ. ಅವರ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. "ಒಬ್ಳೇ ಮಾತಾಡಿ ಮಾತಾಡಿ ಸಾಯ್ತಿದೀನಲ್ರೀ! ನಿಮಗೆ ದಮ್ಮಯ್ಯ ಅಂತೀನಿ. ಅಷ್ಟು ದುಡ್ಡು ಇಟ್ಕೊಂಡು ನೀವೇನ್ ಮಾಡ್ತೀರ, ಅದನ್ನಾದ್ರೂ ಹೇಳಿ!"

ಅವರ ತುಟಿ ಒಂದು ಪಕ್ಕಕ್ಕೆ ಎಳೆಯಿತು. ಎಡಗೈ ಮೇಲೆದ್ದು ನನ್ನ ಕಿವಿಯ ಕಡ್ಡಿಯನ್ನು ಮುಟ್ಟಿತು.

"ಓ... ಓಲೆ."

ಇಪ್ಪತ್ತು ವರ್ಷ ಆ ಮಾತು ಈ ಮನುಷ್ಯನ ಒಳಗೆ ಇತ್ತು.

ಸಂತೋಷ ಒಂದು ರಾತ್ರಿಯದು. ಮಾರನೆಯ ಬೆಳಿಗ್ಗೆ ಅವರು ಒಂದೇ ಕೈಯಲ್ಲಿ ಇಸ್ತ್ರಿ ಶರಟು ಹಾಕಿಕೊಂಡು, ಗುಂಡಿ ಹಾಕಲಾಗದೆ, ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಓಲೆ" ಎಂದರು. ದುಡ್ಡು ತರಲು ಹೋಗೋಣ ಎಂದು ಅರ್ಥ. ಬ್ಯಾಂಕಿಗೆ ರಜೆ ಎಂದೆ. ಮರುದಿನ ಮತ್ತೆ ಅದೇ ಶರಟು, ಅದೇ ಬಾಗಿಲು, ಅದೇ ಓಲೆ. ಒಂದು ವಾರ ಹೀಗೇ. ಎರಡನೆಯ ಮಾತು ಬರಲೇ ಇಲ್ಲ. ನಿಜ ಹೇಳಿದರೆ ಇರುವ ಒಂದು ಮಾತೂ ಹೋದೀತು. ಹೇಳದಿದ್ದರೆ ಎಷ್ಟು ದಿನ? ಥೂ, ಎಂಥ ಕೆಲಸ ಮಾಡಿದೆ ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಶಿವಾಜಿನಗರಕ್ಕೆ ಹೋಗಿ ಇನ್ನೂರು ರೂಪಾಯಿಗೆ ಕೆಂಪುಕಲ್ಲಿನ ಗಿಲೀಟು ಓಲೆ ತಂದೆ. ನೋಡಿ ನನ್ನ ಬುದ್ಧಿ! ಮೂವತ್ತು ವರ್ಷ ಬಂಗಾರ ಉಜ್ಜಿದವನಿಗೆ ಗಿಲೀಟು ತೋರಿಸಲು ಹೊರಟೆ. ಕಡ್ಡಿ ತೆಗೆದು ಓಲೆ ತಿರುಪಿಕೊಂಡು, "ದುಡ್ಡು ಬಂತು ರೀ, ಮೊದಲು ಇದನ್ನೇ ತಂದೆ" ಎಂದು ಅವರ ಮುಂದೆ ಮೊಣಕಾಲೂರಿ ಕೂತೆ. ಆರು ತಿಂಗಳಿಗೆ ಇನ್ನು ಮೂರು ದಿನ.

ಅವರು ಓಲೆಯ ಮೇಲೆ ಹೆಬ್ಬೆರಳಾಡಿಸಿದರು. ಒಂದೇ ಸಲ. ಮುಖ ಇಳಿದುಹೋಯಿತು. ಜೇಬಿನಿಂದ ಟಿಕೆಟ್ ತೆಗೆದು, ಅದನ್ನೂ ಓಲೆಯನ್ನೂ ನೋಡಿ, ಟಿಕೆಟನ್ನು ನೆಲಕ್ಕೆ ಬಿಟ್ಟರು. ಕಣ್ಣು ತುಂಬಿಕೊಂಡಿತು.

"ಗಿ... ಗಿಲೀಟು" ಎಂದರು.

"ಹೌದು ರೀ. ಲಾಟ್ರಿನೂ ಸುಳ್ಳು. ಕೋಟಿನೂ ಸುಳ್ಳು. ನಾನೇ ಪಾಪಿ. ನಿಮ್ಮ ಬಾಯಿಂದ ಒಂದು ಮಾತು ಬರ್ಲಿ ಅಂತ ಹಿಂಗ್ಮಾಡ್ದೆ. ಬೈರಿ ನನ್ನ. ಬಾಯಿಗೆ ಬಂದಂಗೆ ಬೈರಿ, ಸುಮ್ನೆ ಮಾತ್ರ ಆಗ್ಬೇಡಿ!"

ಅವರು ಬೈಯಲಿಲ್ಲ. ಎಡಗೈಯ ಎರಡು ಬೆರಳಲ್ಲಿ ಓಲೆಯ ತಿರುಪು ಬಿಚ್ಚತೊಡಗಿದರು. ಬಹಳ ಹೊತ್ತು ಹಿಡಿಯಿತು. ಬೆರಳು ಜಾರುತ್ತಿತ್ತು, ಉಸಿರು ಕಟ್ಟುತ್ತಿತ್ತು, ನಾನು ಅಲುಗಾಡಲಿಲ್ಲ. ಒಂದು ಓಲೆ ಕಳಚಿ ನನ್ನ ಅಂಗೈಗೆ ಬಿತ್ತು. ಇನ್ನೊಂದಕ್ಕೆ ಕೈ ಹಾಕುತ್ತಾ, ಪ್ರತಿ ಅಕ್ಷರವನ್ನೂ ಬಾವಿಯಿಂದ ಸೇದಿದಂತೆ ಸೇದಿ ಹೇಳಿದರು.

"ಕಿವಿ... ಹುಣ್ಣಾಗತ್ತೆ."