ಸಣ್ಣ ಕೊಡ ಮೊದಲು

ಕೊಂಕಣಿ ನಾಡಿನಲ್ಲಿ ಕನ್ನಡದ ಕೂಲಿಗಳು ನೆಲೆಸಿದ್ದ ಮೋತಿ ಡೊಂಗರ್ ಬಡಾವಣೆಯ ನಳದ ಮುಂದೆ ಜಗಳವಿಲ್ಲದೆ ಬೆಳಗಾಗುವುದೇ ಅಪರೂಪ. ಅಂದು ಮಾತ್ರ ಅರ್ಧ ಪಾಳಿ ಮುಗಿದರೂ ಯಾರೂ ಯಾರ ಜಡೆಗೂ ಕೈ ಹಾಕಿರಲಿಲ್ಲ. ಸಾವಂತ್ರೆವ್ವ ಬೆರಗಾಗಿ ನೋಡಿದಳು. ಕಟ್ಟೆಯ ಮೇಲೆ ನಿಂತು ಹುಕುಂ ಕೊಡುತ್ತಿದ್ದವಳು ಅವಳದೇ ಮಗಳು, ಐದನೇ ತರಗತಿಯ ಶೈಲಾ!

"ಸಣ್ಣ ಕೊಡ ಮೊದ್ಲ ಹಚ್ರಿ, ಡ್ರಮ್ಮು ಕಡೀಕ! ಡ್ರಮ್ಮು ಮುಂದಿಟ್ರ ಹಿಂದಿನವ್ರೆಲ್ಲಾ ಕಾಯಬೇಕು. ಕೊಡ ಮುಂದಿಟ್ರ ಡ್ರಮ್ಮಿನಾಕಿ ಒಬ್ಬಾಕೀನ ಕಾಯ್ತಾಳ!"

"ಎಲಾ ಇವಳ! ನನ್ನ ಡ್ರಮ್ಮಿಗೇ ಬಂತಲ್ಲ ಗಂಡಾಂತರ," ಎಂದು ಗಂಗೀಬಾಯಿ ನಗುತ್ತಲೇ ಹಿಂದೆ ಸರಿದಳು.

ಪಾಳಿಯಲ್ಲಿದ್ದ ಸುರೇಖಾ ಕೊಡ ಕೆಳಗಿಟ್ಟೇಬಿಟ್ಟಳು. ಅವಳು ಶಾಲೆಯ ಪಾಲಕರ ಸಮಿತಿಯಲ್ಲಿದ್ದವಳು. "ಸಾವಂತ್ರಕ್ಕ, ಈಕಿ ಸಾಲ್ಯಾಗೂ ಹಿಂಗ ಮಾತಾಡ್ತಾಳೇನು?"

"ಎಲ್ಲಿಂದವ್ವಾ! ಬಾಯಿ ತಗೀಬ್ಯಾಡ ಅಂತ ದಿನಾ ನಾನ ಹೇಳಿ ಕಳಸ್ತೇನಿ. ನಾವು ದುಡ್ಯಾಕ ಬಂದ ಹೊರಗಿನ ಮಂದಿ. ಯಾರರ ಏನರ ಅಂದ್ರ?"

"ಅಲ್ಲೇ ನೋಡ ತಪ್ಪಿದ್ದು! ಭಾಳ ಶಾಣ್ಯಾ ಹುಡುಗರನ್ನ ಆರಿಸಿ ಶನಿವಾರ ಹೆಚ್ಚಿನ ಕಲಿಕೆ ಚಾಲೂ ಮಾಡಾಕತ್ತಾರ. ಸುಮ್ನ ಕುಂತಾಕೀನ ಟೀಚರು ಹೆಂಗ ಗುರ್ತು ಹಿಡೀಬೇಕು? ಮಗು ಮನ್ಯಾಗ ಏನ್ ಮಾಡತೈತಿ ಅಂತ ತಾಯಿ-ತಂದಿನೂ ಬಂದು ಹೇಳಬಹುದಂತ. ನಾಳೇನ ಕಡೀ ದಿನ!"

ಸಾವಂತ್ರೆವ್ವ ಕೊಡ ಅಲ್ಲೇ ಬಿಟ್ಟಳು. ಸುರೇಖಾಳನ್ನು ಕೈಹಿಡಿದು ಮನೆಗೇ ಎಳೆದುಕೊಂಡು ಹೋದಳು.

ಗಂಡ ಲಕ್ಷ್ಮಪ್ಪ ಕಲ್ಲುಗೋಡೆ ಕಟ್ಟುವ ಗೌಂಡಿ. ಚಹಾ ಬಟ್ಟಲು ಹಿಡಿದವನು ಸುದ್ದಿ ಕೇಳಿ ನಕ್ಕುಬಿಟ್ಟ. "ಈಕಿ ಮಾರ್ಕು ನೋಡೀಯೇನವ್ವಾ? ಕೊಂಕಣಿ ಪಾಸಾಗೋದ ಕಷ್ಟ. ಈಕಿ ಯಾವ ಶಾಣ್ಯಾಕಿ!"

"ಅಣ್ಣಾ, ಕಲ್ಲು ಗಟ್ಟಿ ಐತೋ ಇಲ್ಲೋ, ಬಣ್ಣ ನೋಡಿ ಹೇಳ್ತೀರೇನು?" ಎಂದಳು ಸುರೇಖಾ.

"ಬಣ್ಣ ಏನ್ ಹೇಳತೈತಿ? ತಟ್ಟಿ ಸಪ್ಪಳ ಕೇಳಬೇಕು."

"ಮಗಳ ಸಪ್ಪಳಾನೂ ಒಮ್ಮಿ ಕೇಳ್ಲಿ ಬಿಡ್ರಿ! ಅಲ್ಲಿ ಭಾಷಾದ ಪರೀಕ್ಷಾ ಅಲ್ಲ. ಚಿತ್ರ ಜೋಡ್ಸೋದು, ಒಗಟ ಬಿಡ್ಸೋದು."

"ಆರಿಸಲಿಲ್ಲಂದ್ರ ಮಂದಿ ನಗೂದಿಲ್ಲೇನು?"

"ನಗಲಿ! ಇದ್ದ ಬುದ್ಧಿ ಎಲ್ಲಿ ಹೋಗತೈತಿ? ಮುಂದಿನ ವರ್ಷ ಮತ್ತ ಕೇಳೂಣು."

ಲಕ್ಷ್ಮಪ್ಪ ಬಟ್ಟಲು ಕೆಳಗಿಟ್ಟು, "ಆತು, ನಾಳೆ ಹೋಗೂಣು," ಎಂದ.

ಮರುದಿನ ಗಂಡ, ಹೆಂಡತಿ, ಮಗಳು ಮೂವರೂ ಶಾಲೆಗೆ ಹೋದರು. ಸಾವಂತ್ರೆವ್ವ ಹರಕುಮುರುಕು ಕೊಂಕಣಿಯಲ್ಲಿ, ಕೈ ಬಾಯಿ ಎರಡೂ ಸೇರಿಸಿ, ನಳದ ಕಥೆ ಹೇಳಿದಳು. ಟೀಚರ ಕಣ್ಣರಳಿತು. ಅವರು ಚಿತ್ರಗಳ ಸಾಲು ಹರಡಿ, ಖಾಲಿ ಜಾಗಕ್ಕೆ ಯಾವುದು ಬರಬೇಕೆಂದು ಕೇಳಿದರು.

ಶೈಲಾಳ ಬೆರಳು ಮೇಲೆದ್ದಿತು, ಅರ್ಧಕ್ಕೇ ನಿಂತಿತು. ಅವಳು ತಾಯಿಯ ಮುಖ ನೋಡಿದಳು. ದಿನಾ ಬೆಳಗ್ಗೆ ತಾನು ಹೇಳಿ ಕಳಿಸುವ ಮಾತೇ ಆ ಕಣ್ಣಲ್ಲಿ ಸಾವಂತ್ರೆವ್ವನಿಗೆ ಕಂಡಿತು.

"ಬಾಯಿ ತಗಿಯವ್ವಾ," ಎಂದಳು. "ಎಷ್ಟ ಬೇಕಾದ್ರೂ ಮಾತಾಡು."

ಆಮೇಲೆ ಕೇಳಬೇಕೆ! ಯಾವುದು ಎಂದಷ್ಟೇ ಅಲ್ಲ, ಯಾಕೆ ಎಂದೂ ಶೈಲಾ ಹೇಳಿದಳು. ಕನ್ನಡ, ಕೊಂಕಣಿ, ಹಿಂದಿ ಮೂರನ್ನೂ ಕಲಸಿ. ಮುಗಿದ ಮೇಲೆ, "ಇನ್ನೊಂದು ಐತೇನ್ರಿ ಟೀಚರ್?" ಎಂದಳು.

ಆಯ್ಕೆಯಾಗಿ ಶನಿವಾರದ ತರಗತಿಗೆ ಶೈಲಾ ಹೊರಟಾಗ ಚೀಲ ಹೊತ್ತವನು ಲಕ್ಷ್ಮಪ್ಪನೇ. ನಳದ ಹತ್ತಿರ ಬೇಕೆಂದೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಸಪ್ಪಳ ಚಲೋ ಬಂತ್ರಿ!"

ಅಕ್ಕಂದಿರೇ, ಅಣ್ಣಂದಿರೇ, ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುವ, ಕಂಡದ್ದನ್ನೆಲ್ಲ ಬಿಚ್ಚಿ ಜೋಡಿಸುವ ಮಗು ನಿಮ್ಮ ಮನೆಯಲ್ಲೂ ಇದೆಯೇ? ಗದರಬೇಡಿ. ಮಾರ್ಕು ಕಡಿಮೆ, ಹೆಣ್ಣುಮಗು, ನಾವು ಪರವೂರಿನವರು ಎಂದು ಹಿಂಜರಿಯಲೂ ಬೇಡಿ. ಶಾಲೆಗೆ ಹೋಗಿ ನೀವು ಕಂಡದ್ದನ್ನು ಟೀಚರಿಗೆ ಹೇಳಿ. ಇಂಥ ತರಗತಿ ಇದೆಯೇ, ಹೇಗೆ ಆರಿಸುತ್ತಾರೆ ಎಂದು ಕೇಳಿ. ಮತ್ತೆ, ನಾಳೆ ಬೆಳಗ್ಗೆ ಮಗುವಿನ ಹೆಗಲಿಗೆ ಚೀಲ ಹಾಕುವಾಗ, ಬಾಯಿ ಮುಚ್ಚಿಕೊಂಡಿರು ಅನ್ನಬೇಡಿ. ತಿಳಿದದ್ದನ್ನು ಹೇಳು, ತಿಳಿಯದ್ದನ್ನು ಕೇಳು ಎಂದು ಕಳಿಸಿ.