ದನದ ದವಾಖಾನೆಗೆ ಬಂದ ಡಾಲ್ಫಿನ್ ಡಾಕ್ಟರ್

ಕಾರವಾರದ ಕಡಲದಂಡೆಯಲ್ಲಿ ಸತ್ತ ಡಾಲ್ಫಿನ್ನಿನ ಹೊಟ್ಟೆಯಿಂದ ಡಾಕ್ಟರ್ ಪ್ರಿಯದರ್ಶಿನಿ ಪ್ಲಾಸ್ಟಿಕ್ ತೆಗೆದದ್ದನ್ನು ಕೆರೂರಿನವರೆಲ್ಲ ಟಿವಿಯಲ್ಲಿ ನೋಡಿದರು. ಶೀಲಾ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

"ಇಕಿ ನಿನ್ನ ಗೆಳತಿ ಅಲ್ಲೇನ? ಬಾ ನೋಡ, ಎಷ್ಟ ಚಂದ ಮಾತಾಡ್ತಾಳ!" ಅತ್ತೆ ಶಿವಲಿಂಗವ್ವ ಕೂಗಿದಳು.

"ನೋಡೇನ್ರಿ," ಎಂದಳು ಶೀಲಾ, ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತ.

ಇಬ್ಬರೂ ಬೀದರಿನಲ್ಲಿ ಒಟ್ಟಿಗೆ ಪಶುವೈದ್ಯ ಓದಿದವರು. ರಕ್ತ ಕಂಡರೆ ಕಣ್ಣುಕತ್ತಲೆ ಬರುತ್ತಿದ್ದುದು ಪ್ರಿಯದರ್ಶಿನಿಗೆ. ಶಹಬ್ಬಾಸ್ ಅನ್ನಿಸಿಕೊಂಡವಳು ಶೀಲಾ. ಕೆರೂರಿನ ದನದ ದವಾಖಾನೆಯಲ್ಲಿ ಅವಳು ಎಷ್ಟು ಆಕಳುಗಳ ಹೊಟ್ಟೆಯಿಂದ ಕ್ಯಾರಿಬ್ಯಾಗು ತೆಗೆದಿದ್ದಳೋ! ಕ್ಯಾಮೆರಾ ಹಿಡಿದು ಒಬ್ಬನೂ ಬಂದಿರಲಿಲ್ಲ. ಕಡಲಿನದಾದರೆ ಸುದ್ದಿ, ಸಂತೆಯದಾದರೆ ಸಗಣಿ.

ಬಾಗಲಕೋಟೆಯ ಕಾಲೇಜೊಂದು ಪ್ರಿಯದರ್ಶಿನಿಗೆ ಸನ್ಮಾನ ಇಟ್ಟುಕೊಂಡಿತು. "ನೀ ಬರಬೇಕ ನೋಡ," ಎಂದು ಅವಳು ಫೋನ್ ಮಾಡಿದಾಗ, "ಅವತ್ತ ಆಪರೇಷನ್ ಐತಿ," ಎಂದು ಶೀಲಾ ಸುಳ್ಳು ಹೇಳಿದಳು.

ಸುಳ್ಳು ನಿಜವಾಯಿತು. ಸನ್ಮಾನದ ದಿನ ಮಧ್ಯಾಹ್ನವೇ ಊರಿನ ಮುರ್ತುಜಸಾಬ ಹೊಟ್ಟೆಯುಬ್ಬಿದ ತನ್ನ ಆಕಳನ್ನು ಹೊಡೆದುಕೊಂಡು ಬಂದ. ಶೀಲಾ ಅದರ ಎಡಪಕ್ಕೆಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಕೊಯ್ದು, ತೋಳು ಮುಳುಗುವಷ್ಟು ಒಳಗೆ ಕೈಹಾಕಿದಳು. ಆಗಲೇ ಹೊರಗೆ ಕಾರು ನಿಂತಿತು. ಸನ್ಮಾನ ಮುಗಿಸಿ ಬಂದಿದ್ದ ಪ್ರಿಯದರ್ಶಿನಿ, ಅಲ್ಲಿ ಕೊಟ್ಟ ಇಳಕಲ್ ಸೀರೆಯನ್ನು ಕಾರಿನಲ್ಲೇ ಬಿಟ್ಟು ಒಳಗೆ ಬಂದಳು.

'ಇಲ್ಲಿಗೂ ಬಂದಳಲ್ಲ,' ಎಂದು ಶೀಲಾಳ ಒಡಲು ಉರಿಯಿತು.

ಪ್ರಿಯದರ್ಶಿನಿ ಬಕೆಟ್ ಹಿಡಿದು ನಿಂತಳು. ಚೀಲ, ಹಗ್ಗ, ಗುಟ್ಕಾ ಚೀಟಿ ಒಂದಕ್ಕೊಂದು ಹೆಣೆದುಕೊಂಡು ಬಕೆಟ್ ತುಂಬಿತು. ಹೊಲಿಗೆ ಮುಗಿದು, ಸಂಜೆಯ ಹೊತ್ತಿಗೆ ಆಕಳು ಮೆಲ್ಲಗೆ ಮೆಲುಕು ಹಾಕತೊಡಗಿತು. ಅದನ್ನು ನೋಡಿ ಪ್ರಿಯದರ್ಶಿನಿ ಅತ್ತುಬಿಟ್ಟಳು.

"ನನ್ನ ಡಾಲ್ಫಿನ್ನು ದಂಡಿಗೆ ಬಂದಾಗ ಜೀವ ಇತ್ತ, ಶೀಲಾ. ನಾ ಬರೇ ಮೈಮ್ಯಾಲೆ ನೀರ ಸುರಕೋಂತ ಕುಂತೆ. ಸತ್ತಮ್ಯಾಲೆ ಕೊಯ್ದೆ. ಅದಕ್ಕ ಹಾರ ಹಾಕ್ಯಾರ. ಖರೆ ಹೇಳ್ತೇನಿ, ನಿನ್ನ ನೋಡಿದ್ರ ಹೊಟ್ಟಿಕಿಚ್ಚ ಆಕ್ಕೈತಿ."

'ನನಗೂ' ಎನ್ನಬೇಕೆಂದುಕೊಂಡಳು ಶೀಲಾ. ಅದರ ಬದಲು ಗೆಳತಿಯ ಕೈಗೆ ನೀರು ಹಾಕಿದಳು.

ಅಷ್ಟರಲ್ಲಿ ಮುರ್ತುಜಸಾಬ, "ಟಿವಿಯಾಗ ಬಂದ ಮೇಡಮ್ಮಾರು ನೀವ ಅಲ್ರಿ? ನಿಮ್ಮ ಸಂಗಾಟ ಒಂದ ಫೋಟೊ," ಎನ್ನುತ್ತ ಫೋನನ್ನು ಶೀಲಾಳ ಕೈಗೇ ಕೊಟ್ಟ.

ಶೀಲಾಳ ಎದೆ ಮತ್ತೆ ಚುರ್ ಎಂದಿತು. ಆದರೂ ಫೋಟೊ ತೆಗೆದಳು. ಆಮೇಲೆ ಗೆಳತಿಯನ್ನು ಊಟಕ್ಕೆ ಮನೆಗೆ ಕರೆದೊಯ್ದಳು.