ಬೈಸಿಕೊಂಡ ಅವರೆ

ಮಲ್ಲಾಬಾಯಿ ಬೀಜಕ್ಕೆಂದು ಇಟ್ಟಿದ್ದ ಅವರೆಯನ್ನು ಸೊಸೆ ಭುವನೇಶ್ವರಿ ಸಾರು ಮಾಡಿದಳು.

ವಡಗೇರಾದ ಅವಳ ತವರಿನಲ್ಲಿ ಬೀಜವನ್ನು ಒಣ ಸೋರೆ ಬುರುಡೆಯಲ್ಲಿ ಇಡುತ್ತಿದ್ದರು. ಗಡಿಗೆಯಲ್ಲಿದ್ದದ್ದು ಅಡುಗೆಗೆ. ಸುರಪುರದ ಈ ಮನೆಯಲ್ಲಿ ಗಡಿಗೆಯೊಳಗೆ ಕಪ್ಪು ಅವರೆ ಬೂದಿ ಮೆತ್ತಿಕೊಂಡು ಬಿದ್ದಿತ್ತು. ಅತ್ತೆಯ ಸ್ವಚ್ಛತೆಯ ಬಗ್ಗೆ ಅವಳಿಗೆ ಮೊದಲೇ ಅನುಮಾನವಿತ್ತು. ತೊಳೆದಳು, ನೆನೆಹಾಕಿದಳು, ಬೇಯಿಸಿದಳು.

ಮಲ್ಲಾಬಾಯಿ ಎರಡು ರೊಟ್ಟಿ ಮುಗಿಸಿದ ಮೇಲೆ ಕೇಳಿದಳು. "ಚಲೋ ಆಗ್ಯಾದ. ಅವರಿ ಎಲ್ಲಿನ್ವು?"

"ಗಡಿಗ್ಯಾಗಿನ್ವು ಅತ್ತಿ. ಬೂದಿ ಹತ್ತಿತ್ತು, ತೊಳದೀನಿ."

ಮಲ್ಲಾಬಾಯಿ ಬಾಯಲ್ಲಿದ್ದ ತುತ್ತು ನುಂಗಿದಳು. ಉಗುಳಿದರೂ ಅದು ಮೊಳೆಯುವಂತಿರಲಿಲ್ಲ.

"ನಮ್ಮವ್ವ ನನ್ನ ಉಡ್ಯಾಗ ಹಾಕಿ ಕಳಿಸಿದ ಅವರಿ ಅದು. ಸಂತ್ಯಾಗ ಸಿಗಂಗಿಲ್ಲ. ಹುಳ ಹತ್ತಬಾರ್ದಂತ ಬೂದಿ ಹಚ್ಚಿ ಇಟ್ಟಿದ್ದೆ. ಒಂದೂ ಉಳಿದಿಲ್ಲೇನು?"

"ಸಾರು ಉಳದದರಿ."

ಹಿತ್ತಲ ಬಳ್ಳಿಯನ್ನು ಆಗಲೇ ಕಿತ್ತು ಒಲೆಗೆ ಹಾಕಿಯಾಗಿತ್ತು. ಆ ಜಾತಿಯ ಅವರೆ ಇನ್ನು ಇದ್ದದ್ದು ಪಕ್ಕದ ಮನೆಯ ಅನ್ವರಬಿಯ ಬೇಲಿಯ ಮೇಲೆ ಮಾತ್ರ. ಅವಳಿಗೆ ಬೀಜ ಕೊಟ್ಟವಳು ಮಲ್ಲಾಬಾಯಿಯೇ. ಆದರೆ ಕೊಟ್ಟ ಬೀಜವನ್ನು ಕೇಳಿ ತಂದರೆ ಮೊಳೆಯುವುದಿಲ್ಲ ಎಂದು ಆ ಓಣಿಯ ಹೆಂಗಸರ ನಂಬಿಕೆ. ಕದ್ದು ತರಬೇಕು. ಬೇಲಿಯ ಒಡತಿ ಬೈಯಬೇಕು.

"ನೀನೇ ಹೋಗು. ಬೇಯ್ಸಿದಾಕಿ ನೀನು," ಎಂದಳು ಮಲ್ಲಾಬಾಯಿ.

ಅನ್ವರಬಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಸಾರಿನ ಸುದ್ದಿ ಅವಳಿಗೆ ತಲುಪಿತ್ತು. ಭುವನೇಶ್ವರಿಯನ್ನು ಕಂಡು, ಮೊರ ಎತ್ತಿಕೊಂಡು ಬೇಲಿಗೆ ಬೆನ್ನು ಮಾಡಿ ಕುಳಿತಳು.

ಭುವನೇಶ್ವರಿ ಕೈಗೆ ಸಿಕ್ಕ ಕಾಯಿ ಹರಿಯತೊಡಗಿದಳು.

"ಅವು ಹಸಿ ಅದಾವ," ಎಂದು ಅನ್ವರಬಿ ಎದುರಿನ ಗೋಡೆಗೆ ಹೇಳಿದಳು. "ಮ್ಯಾಲಿನ್ವು ಒಣಗ್ಯಾವ. ಅಲ್ಲಾಡಿಸಿ ನೋಡು."

ಸೆರಗು ತುಂಬಿತು. ಬೈಗುಳ ಬರಲಿಲ್ಲ. ಭುವನೇಶ್ವರಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

"ಚಾಚಿ, ಬೈಲಿಲ್ಲಲ್ರಿ?"

"ಹೊಸಾ ಸೊಸಿ ಅದಿ. ಹ್ಯಾಂಗ ಬೈಲಿ?"

"ಬೈರಿ. ಇಲ್ಲಂದ್ರ ಅತ್ತಿ ಬೈತಾಳ, ಸಾಯೋತನಕ."

ಅನ್ವರಬಿ ಸ್ವಲ್ಪ ಯೋಚಿಸಿ, ಗಂಟಲು ಸರಿಮಾಡಿಕೊಂಡಳು. "ಏ ಚೋರಿ! ಬೀಜ ತಿಂದ ಮನಿಯಾಕಿ! ನಿನ್ನ ಕೈ ಸೇದಿ ಹೋಗ್ಲಿ!" ಆಮೇಲೆ ಮೆಲ್ಲಗೆ, "ಸಾಕೇನವ್ವಾ?"

"ಇನ್ನೊಂಚೂರು!" ಎಂದು ಗೋಡೆಯಾಚೆಯಿಂದ ಮಲ್ಲಾಬಾಯಿ ಕೂಗಿದಳು.

"ಸಾಕು ಬಿಡು, ಪಾಪ ಕೂಸು," ಎಂದಳು ಅನ್ವರಬಿ.

ಬೀಜವನ್ನು ಈ ಸಲ ಸೋರೆ ಬುರುಡೆಯಲ್ಲಿಟ್ಟರು. ಮಳೆಗಾಲದಲ್ಲಿ ತಮ್ಮ ಹಿತ್ತಲ ಬೇಲಿಯುದ್ದಕ್ಕೂ ಊರಿದರು. ಅರ್ಧ ಮೊಳೆತವು.

ಮಲ್ಲಾಬಾಯಿ ಸಾಲನ್ನು ಬಗ್ಗಿ ನೋಡಿದಳು. "ನಾ ಅವತ್ತೇ ಅಂದಿದ್ದೆ," ಎಂದಳು. "ಅರ್ಧಾನ ಬೈದಾಳ."